ಅಪ್‌ಡೇಟ್: ಡಾಕ್ಯುಮೆಂಟೇಶನ್ ತಿದ್ದಿದ್ದು ಮರ್ಜ್ ಆಯ್ತು, ಒಂದು ಹೆಸರು ಬಿಟ್ಟು

ಪ್ರೋಟೋಬಫ್ (ಪ್ರೋಗ್ರಾಂಗಳ ನಡುವೆ ಡೇಟಾ ಕಳಿಸುವ ಒಂದು ಫಾರ್ಮ್ಯಾಟ್) ಬಳಸುವ ಒಂದು ಓಪನ್ ಸೋರ್ಸ್ ಲೈಬ್ರರಿಯ ಡಾಕ್ಯುಮೆಂಟೇಶನ್ ತುಂಬಾ ಸ್ಪೆಲಿಂಗ್ ತಪ್ಪುಗಳಿವೆ, ಎಲ್ಲ ಒಟ್ಟಿಗೇ ತಿದ್ದಿ ಕಳಿಸಬಹುದಾ ಅಂತ ಕೇಳಿದ್ದೆ. ಉತ್ತರ ಕೊಟ್ಟವರಿಗೆಲ್ಲ ಥ್ಯಾಂಕ್ಸ್ ಮಾರಾಯ್ರೇ.

ಸ್ಪೆಲಿಂಗ್ ತಪ್ಪು ಹುಡುಕುವ ಕೋಡ್‌ಸ್ಪೆಲ್ ಅನ್ನೋ ಟೂಲ್ ಓಡಿಸಿದೆ. ಕೆಲವು ಚಿಕ್ಕ ವೇರಿಯೇಬಲ್ ಹೆಸರುಗಳನ್ನೂ ಅದು ತಪ್ಪು ಅಂದಿತು, ಅವನ್ನು ಇಗ್ನೋರ್ ಲಿಸ್ಟ್‌ಗೆ ಹಾಕಿದೆ. ವಿವರಣೆ, ಕಾಮೆಂಟ್‌ಗಳ ತಪ್ಪೆಲ್ಲ, ಬದಲಾವಣೆ ಸೇರಿಸಿಕೊಳ್ಳಿ ಅಂತ ಕೇಳುವ ಒಂದೇ ಪುಲ್ ರಿಕ್ವೆಸ್ಟ್‌ನಲ್ಲಿ ಸಲೀಸಾಗಿ ಮರ್ಜ್ ಆಯ್ತು.

ತಕರಾರು ಬಂದದ್ದು ಒಂದು ಫೀಲ್ಡ್ ಹೆಸರಿಗೆ. ‘ರಿಸೀವ್ಡ್ ಆಟ್’ನಲ್ಲಿ ಇ, ಐ ಅಕ್ಷರ ಅದಲುಬದಲಾಗಿದ್ದವು. ಉದಾಹರಣೆಯಲ್ಲಿ ಮಾತ್ರ ಅಲ್ಲ, ಡೇಟಾದ ರಚನೆ ಹೇಳುವ ಅಸಲಿ ಸ್ಕೀಮಾದಲ್ಲೂ ಹಾಗೇ! ಮಂಗಳೂರಿನ ಆಫೀಸಲ್ಲಿ ಪಕ್ಕ ಕೂರುವ ಸೀನಿಯರ್ ನೋಡಿ, "ಅದಕ್ಕೆ ಕೈ ಹಾಕ್ಬೇಡ ಮಾರಾಯ" ಅಂದರು. ಪ್ರೋಟೋಬಫ್ ಬೈನರಿಯಲ್ಲಿ ಹೋಗುವುದು ಫೀಲ್ಡ್ ನಂಬರ್, ಹೆಸರಲ್ಲ. ಅಲ್ಲಿ ತೊಂದರೆ ಇಲ್ಲ. ಆದರೆ ಅದೇ ಡೇಟಾ ಜೇಸನ್ ಅನ್ನೋ ಪಠ್ಯರೂಪದಲ್ಲಿ ಹೋದರೆ ಹೆಸರೇ ಹೋಗುತ್ತದೆ, ಅದನ್ನು ಓದುವ ಹಳೆ ಕೋಡ್ ಕೈಕೊಡುತ್ತದೆ. ಜನರೇಟ್ ಆದ ಕೋಡಲ್ಲೂ ಗೆಟರ್ (ಆ ಫೀಲ್ಡನ್ನು ಓದುವ ಫಂಕ್ಷನ್) ಹೆಸರು ಬದಲಾಗುತ್ತದೆ.

ಜೇಸನ್‌ಗೆ ಬೇರೆ ಹೆಸರು ಕೊಡುವ ‘ಜೇಸನ್_ನೇಮ್’ ಆಪ್ಷನ್‌ನಲ್ಲಿ ಹಳೆ ಹೆಸರು ಉಳಿಸಬಹುದಲ್ವಾ ಅಂತ ಲೈಬ್ರರಿ ನೋಡಿಕೊಳ್ಳುವ ಮೇಂಟೇನರ್‌ಗೆ ಬರೆದೆ. ಜೇಸನ್ ಉಳಿಯುತ್ತೆ, ಗೆಟರ್ ಉಳಿಯಲ್ಲ, ಮುಂದಿನ ಮೇಜರ್ ವರ್ಷನ್‌ವರೆಗೆ ಬಿಡಿ ಅಂದರು. ನ್ಯಾಯದ ಮಾತೇ. ಆ ಫೀಲ್ಡ್ ಮೇಲೆ ‘ಸ್ಪೆಲಿಂಗ್ ಹೀಗೇ ಇದೆ, ಸದ್ಯ ತಿದ್ದಬೇಡಿ’ ಅಂತ ಒಂದು ಕಾಮೆಂಟ್ ಸೇರಿಸಿ ಕಳಿಸಿದೆ. ಅದಕ್ಕೂ ಅಪ್ರೂವಲ್ ಸಿಕ್ಕಿದೆ.