ಚಹಾದ ಮಾಯೆ, ಅರಮನೆ ಸಂಚು: ಕಥೆಗೆ ನಿಜವಾದ ವಿವರ ಬೇಕು

ಕಾದಂಬರಿಹುಳು: ಹದಿಹರೆಯದವರಿಗೆ ಒಂದು ಫ್ಯಾಂಟಸಿ ಬರೆಯುತ್ತಿದ್ದೇನೆ. ಹಳೇ ಚೀನಾದ ಅರಮನೆ, ಚಹಾ ಕುಡಿಸಿ ಎದುರಿನವರ ಮನಸ್ಸು ಓದುವ ಹುಡುಗಿ. ಚಹಾ ಮಾಡುವುದನ್ನೇ ಸ್ಪರ್ಧೆ ಅಂದರೆ ಓದುಗರು ನಂಬುತ್ತಾರಾ? ಇಲ್ಲ ಸುಮ್ನೆ ಕತ್ತಿ ಕಾಳಗ ಹಾಕಲಾ?

ಟೀಪುಡಿ: ಕತ್ತಿ ಬೇಡ ಮಾರಾಯ್ರೆ. ಚೀನಾದ ಸಾಂಗ್ ರಾಜವಂಶದ ಕಾಲದಲ್ಲಿ (960–1279) ಚಹಾ ಸ್ಪರ್ಧೆ ನಿಜಕ್ಕೂ ನಡೆಯುತ್ತಿತ್ತು. ಎಲೆಯನ್ನು ಒತ್ತಿ ಬಿಲ್ಲೆ ಮಾಡಿ, ಅದನ್ನು ನುಣ್ಣಗೆ ಪುಡಿ ಮಾಡಿ, ಬಿಸಿನೀರು ಹೊಯ್ದು, ಬೆಳ್ಳಗೆ ನೊರೆ ಬರುವ ತನಕ ಬಿದಿರಿನ ಕಡೆಗೋಲಿನಿಂದ ಕಡೆಯುತ್ತಿದ್ದರು. ಯಾರ ನೊರೆ ಮೊದಲು ಒಡೆದು ಬಟ್ಟಲಿನ ಅಂಚಲ್ಲಿ ನೀರಿನ ಗೆರೆ ಕಾಣುತ್ತೋ ಅವರು ಸೋತಂತೆ. ಬಿಳಿ ನೊರೆ ಎದ್ದು ಕಾಣಲಿ ಅಂತಲೇ ಫುಜಿಯಾನ್‌ನ ಕಪ್ಪು ಬಟ್ಟಲಿಗೆ ಅಷ್ಟು ಬೇಡಿಕೆ. ನಿಮ್ಮ ಮಾಯೆಯನ್ನು ಆ ನೊರೆಯಲ್ಲೇ ಇಡಿ.

ರಾತ್ರಿಓದು: ಸಂಚಿಗೂ ಸರಕಿದೆ. ಅದೇ ಸಾಂಗ್ ವಂಶದ ಹುಯಿಜೋಂಗ್ ಚಕ್ರವರ್ತಿ 1107ರ ಹೊತ್ತಿಗೆ ಚಹಾ ಬಗ್ಗೆ ಪುಸ್ತಕವನ್ನೇ ಬರೆದ, ಮಂತ್ರಿಗಳಿಗೆ ತಾನೇ ಕಡೆದು ಕೊಟ್ಟಿದ್ದೂ ಉಂಟು. 1127ರಲ್ಲಿ ಉತ್ತರದಿಂದ ದಂಡೆತ್ತಿ ಬಂದ ಜುರ್ಚೆನ್ ಜನರು ಅವನನ್ನು ಸೆರೆ ಹಿಡಿದು ಉತ್ತರಕ್ಕೆ ಒಯ್ದರು. ಇಷ್ಟು ಇದ್ದ ಮೇಲೆ ಬೇರೆ ವಿಲನ್ ಯಾಕೆ?

ಟೀಪುಡಿ: ಒಂದು ಎಚ್ಚರಿಕೆ. ಆಸ್ಥಾನದಲ್ಲಿ ಟೀಪಾಟ್‌ಗೆ ಬಿಡಿ ಎಲೆ ಹಾಕಿಸಬೇಡಿ. 1391ರಲ್ಲಿ, ಆಮೇಲೆ ಬಂದ ಮಿಂಗ್ ವಂಶದ ಚಕ್ರವರ್ತಿ ಅರಮನೆಗೆ ಬಿಲ್ಲೆ ಚಹಾ ಕಪ್ಪ ಕಳಿಸುವುದನ್ನು ನಿಲ್ಲಿಸಿದ ಮೇಲೇ ಅದು ಜಾಸ್ತಿ ಆಗಿದ್ದು.

ಕಾದಂಬರಿಹುಳು: ಅಬ್ಬಾ, ಥ್ಯಾಂಕ್ಸ್! ಸುಳ್ಳು ಹೇಳಿದವರ ಬಟ್ಟಲಲ್ಲಿ ನೊರೆ ಒಡೆಯುತ್ತೆ ಅಂತ ಮಾಡಿದರೆ ತೀರಾ ಸುಲಭವಾಯ್ತಾ?

ರಾತ್ರಿಓದು: ಸುಲಭವೇ. ನಿಜ ಹೇಳಿದವರದ್ದೂ ಒಮ್ಮೆ ಒಡೆಯಲಿ.