ಸಹಾಯ ಬೇಕು: ಹೆಗೆಲ್‌ನ 'ಆಗುವಿಕೆ' ಎಲ್ಲಿಂದ ಬಂತು?

ಜರ್ಮನ್ ತತ್ವಜ್ಞಾನಿ ಹೆಗೆಲ್‌ನ 'ತರ್ಕಶಾಸ್ತ್ರ' ಗ್ರಂಥ ಓದಿದವರು ಇದ್ದೀರಾ? ಶುರುವಿನಲ್ಲೇ ಸಿಕ್ಕಿಹಾಕಿಕೊಂಡಿದ್ದೀನಿ. ಯಾವ ಗುಣವೂ ಇಲ್ಲದ ಶುದ್ಧ 'ಇರುವಿಕೆ'ಯಲ್ಲಿ ಹಿಡಿಯೋಕೆ ಏನೂ ಸಿಗಲ್ಲ, ಹಾಗಾಗಿ ಅದು 'ಇಲ್ಲದಿರುವಿಕೆ'ಯೇ ಆಗುತ್ತೆ. ಇಲ್ಲಿವರೆಗೆ ಸರಿ. ಹೀಗೆ ಒಂದು ಇನ್ನೊಂದಕ್ಕೆ ದಾಟೋದನ್ನೇ ಅವನು 'ಆಗುವಿಕೆ' ಅಂತಾನೆ. ಆದ್ರೆ ಎರಡೂ ಒಂದೇ ಅಂದ್ರೆ, ಒಂದರಿಂದ ಇನ್ನೊಂದಕ್ಕೆ ದಾಟೋ ಮಾತೇ ಬರಲ್ಲ. ಬೇರೆ ಅಂದ್ರೆ, ಆ ವ್ಯತ್ಯಾಸ ಹೇಳೋಕೆ ಒಂದು ಗುಣ ಬೇಕು. ಆಗ ಶುದ್ಧವಾಗಿ ಉಳಿಯಲ್ಲ. ಹೆಗೆಲ್‌ನ ವಿಧಾನ ಅಂತ ಸಾಮಾನ್ಯವಾಗಿ ಹೇಳೋ ವಾದ-ಪ್ರತಿವಾದ-ಸಂವಾದ ಅನ್ನೋ ಸೂತ್ರ ಹಾಕಿ ನೋಡಿದೆ, ಉಪಯೋಗವಿಲ್ಲ (ಹೆಗೆಲ್ ತನ್ನ ವಿಧಾನಕ್ಕೆ ಆ ಹೆಸರು ಕೊಟ್ಟೇ ಇಲ್ಲ). ದಾಟೋದಲ್ಲ, ಆಗಲೇ ದಾಟಿಯಾಗಿದೆ ಅಂತಾನೆ ಅವನು. ಇದು ನನಗೆ ಉತ್ತರಕ್ಕಿಂತ ಜಾರಿಕೆ ಥರ ಕಾಣುತ್ತೆ. ಜರ್ಮನ್ ತತ್ವಜ್ಞಾನಿ ಟ್ರೆಂಡೆಲೆನ್‌ಬರ್ಗ್ 1840ರಲ್ಲೇ ಆಕ್ಷೇಪಿಸಿದ್ದ: ಹೆಗೆಲ್ ಚಲನೆಯನ್ನು ಅನುಭವದಿಂದ ಗುಟ್ಟಾಗಿ ಒಳತಂದಿದ್ದಾನೆ ಅಂತ.

ಕಾಲ, ಚಲನೆಗಳ ಅನುಭವವನ್ನು ನಡುವೆ ತರದೆ, ಪಠ್ಯದೊಳಗಿಂದಲೇ ಇದಕ್ಕೆ ಉತ್ತರ ಕೊಡಬಹುದಾ? ಕೊಡಬಹುದಾದ್ರೆ, ವಾದದ ಯಾವ ಹೆಜ್ಜೆಯಲ್ಲಿ?