ಅಪ್‌ಡೇಟ್: ಓಲಾಡುತ್ತಾ ನಡೆಯುವ ಬೆಕ್ಕಿನ ಮರಿ

ನಡೆಯುವಾಗ ಓಲಾಡಿ ಬೀಳುವ, ಬಟ್ಟಲಿಗೆ ಬಾಯಿ ಹಾಕುವಾಗ ತಲೆ ನಡುಗುವ ನಮ್ಮ ಬೆಕ್ಕಿನ ಮರಿಗೆ ಏನಾಗಿರಬಹುದೆಂದು ಈ ಹಿಂದೆ ಕೇಳಿದ್ದೆ. ಪಶುವೈದ್ಯರು ಪರೀಕ್ಷಿಸಿ, ಇದು ಸೆರೆಬೆಲ್ಲರ್ ಹೈಪೋಪ್ಲಾಸಿಯಾ, ಅಂದರೆ ಚಲನೆಯನ್ನು ಹತೋಟಿಯಲ್ಲಿಡುವ ಕಿರುಮೆದುಳು ಪೂರ್ತಿ ಬೆಳೆಯದ ಸ್ಥಿತಿ ಎಂದರು. ಗಬ್ಬದ ಬೆಕ್ಕಿಗೆ ಪ್ಯಾನ್‌ಲ್ಯೂಕೋಪೀನಿಯಾ ಎಂಬ ಬೆಕ್ಕುಗಳ ಸೋಂಕುರೋಗದ ವೈರಸ್ ತಗುಲಿದಾಗ ಹೊಟ್ಟೆಯೊಳಗಿನ ಮರಿಗಳಿಗೆ ಹೀಗಾಗುವುದುಂಟಂತೆ. ಇದಕ್ಕೆ ಔಷಧವಿಲ್ಲ, ಆದರೆ ನೋವೂ ಇಲ್ಲ, ವಯಸ್ಸಾದಂತೆ ಉಲ್ಬಣಿಸುವುದೂ ಇಲ್ಲ ಎಂಬುದೇ ದೊಡ್ಡ ಸಮಾಧಾನ. ನುಣುಪಾದ ಗ್ರಾನೈಟ್ ನೆಲದಲ್ಲಿ ಕಾಲು ಜಾರುತ್ತಿದ್ದುದರಿಂದ ಹಳೆಯ ಜಮಖಾನ ಹಾಸಿದ್ದೇವೆ. ಭಾರವಾದ ಬಟ್ಟಲನ್ನು ಮಣೆಯ ಮೇಲಿಟ್ಟ ಬಳಿಕ, ಮೂಗಿಗೆಲ್ಲ ಮೆತ್ತಿಕೊಂಡರೂ, ತಾನೇ ತಿನ್ನುತ್ತದೆ. ಮಲಮೂತ್ರಕ್ಕಿಟ್ಟ ಮರಳಿನ ಟ್ರೇಯ ಒಂದು ಬದಿಯನ್ನು ಕತ್ತರಿಸಿ ತಗ್ಗಿಸಿದ್ದು ಹೆಚ್ಚು ಉಪಯೋಗಕ್ಕೆ ಬಂತು, ಏಕೆಂದರೆ ತಗ್ಗಿನ ಬದಿಯಿಂದ ಒಳಹೊಕ್ಕು, ಉಳಿದ ಎತ್ತರದ ಬದಿಗಳಿಗೆ ಒರಗಿಕೊಂಡು ಅದು ಬೀಳದೆ ನಿಲ್ಲುತ್ತದೆ. ದಯಾಮರಣ ಸೂಚಿಸಿದವರ ಕಳಕಳಿ ಅರ್ಥವಾಗುತ್ತದೆ, ಆದರೆ ಈಗ ಆ ಪ್ರಶ್ನೆಯೇ ಏಳುವುದಿಲ್ಲ. ಮನೆಯಿಂದ ಹೊರಗೆ ಮಾತ್ರ ಬಿಡುವುದಿಲ್ಲ.